ಅಪ್‌ಡೇಟ್: ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ನನ್ನ ಮೊದಲ ಕಿರುಚಿತ್ರದ ಚಿತ್ರೀಕರಣ ಮುಗಿಯಿತು

ನ್ಯೂಯಾರ್ಕ್‌ಗೆ ವಲಸೆ ಬಂದ ನಾನು ಕೈಯಲ್ಲಿ ಹಣವಿಲ್ಲದೆ, ಪರವಾನಗಿ ಇಲ್ಲದೆ ಬೀದಿಯಲ್ಲಿ ಕನ್ನಡ ಕಿರುಚಿತ್ರ ತೆಗೆಯುವುದು ಹೇಗೆಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ವಂದನೆ.

ಕೈಯಲ್ಲಿ ಹಿಡಿಯುವ ಕ್ಯಾಮೆರಾ ಸಾಕು ಎಂದವರ ಸಲಹೆಯೇ ಕೈಹಿಡಿಯಿತು. ವಾಹನ ನಿಲ್ಲಿಸದೆ, ದಾರಿ ಅಡ್ಡಗಟ್ಟದೆ ಪಾದಚಾರಿ ಮಾರ್ಗದಲ್ಲಿ ಚಿತ್ರೀಕರಿಸಲು ಇಲ್ಲಿ ಪರವಾನಗಿ ಬೇಡ. ಟ್ರೈಪಾಡ್ ಇಟ್ಟರೂ ಅಡ್ಡಿಯಿಲ್ಲ. ಆದರೆ ಸಬ್‌ವೇ (ಇಲ್ಲಿನ ಮೆಟ್ರೊ ರೈಲು) ನಿಲ್ದಾಣದೊಳಗೆ ಟ್ರೈಪಾಡ್, ದೀಪ ಎರಡಕ್ಕೂ ನಿಷೇಧ. ಇದು ನನಗೆ ಗೊತ್ತೇ ಇರಲಿಲ್ಲ. ಅಲ್ಲಿನ ದೃಶ್ಯವನ್ನು ಕಂಬಕ್ಕೆ ಒರಗಿ, ಉಸಿರು ಬಿಗಿಹಿಡಿದು ತೆಗೆದೆ.

ಜನರಿಂದ ಆನ್‌ಲೈನ್‌ನಲ್ಲಿ ಹಣ ಸಂಗ್ರಹಿಸುವ ದಾರಿ ಫಲಿಸಲಿಲ್ಲ. ಅದರ ಬದಲು ಇಲ್ಲಿನ ಸಮುದಾಯ ಟಿವಿ ಕೇಂದ್ರವಾದ ಕ್ವೀನ್ಸ್ ಪಬ್ಲಿಕ್ ಟೆಲಿವಿಷನ್‌ಗೆ ಹೋಗಿ ಎಂದವರಿಗೆ ನಾನು ಋಣಿ. ಸ್ಥಳೀಯ ನಿವಾಸಿಗಳಿಗೆ ಅಲ್ಲಿ ಕ್ಯಾಮೆರಾ, ಸಂಕಲನದ ತರಬೇತಿ ಸಿಗುತ್ತದೆ.

ನಿಜವಾದ ತೊಂದರೆ ಸದ್ದಿನದು. ಜಾಕ್ಸನ್ ಹೈಟ್ಸ್‌ನ ರೂಸ್ವೆಲ್ಟ್ ಅವೆನ್ಯೂದಲ್ಲಿ ತಲೆಯ ಮೇಲೆಯೇ 7ನೇ ಮಾರ್ಗದ ರೈಲು ಓಡುತ್ತದೆ. ತಾಯಿಯ ಪಾತ್ರಧಾರಿ ಕರಿಬೇವಿನ ಕಟ್ಟನ್ನು ಮೂಸಿ, "ಇದಕ್ಕೆ ನಮ್ಮೂರಿನ ಘಮ ಇಲ್ಲ" ಎನ್ನುವಾಗ ಪ್ರತಿ ಸಲವೂ ರೈಲು ಮಾತನ್ನು ನುಂಗಿತು. ಕೊನೆಗೆ ಮನೆಯ ಬಟ್ಟೆಯ ಕಪಾಟಿಗೆ ಕಂಬಳಿ ಇಳಿಬಿಟ್ಟು, ಅದರೊಳಗೆ ಅವರನ್ನು ಕೂರಿಸಿ ಆ ಸಾಲನ್ನು ಮತ್ತೆ ಧ್ವನಿಮುದ್ರಿಸಿದೆ. ಬೀದಿಯಲ್ಲಿ ಹೇಳಿದ್ದಕ್ಕಿಂತ ಮೆಲ್ಲಗೆ ಹೇಳಿದರು. ಕೇಳಿ ನನಗೆ ಕಣ್ಣು ತುಂಬಿತು.

ಚಿತ್ರ 12 ನಿಮಿಷದ್ದು. ಸಂಕಲನ ನಡೆಯುತ್ತಿದೆ. ಇಂಗ್ಲಿಷ್ ಉಪಶೀರ್ಷಿಕೆಯಲ್ಲಿ "ಘಮ" ಎಂಬುದಕ್ಕೆ ಏನು ಹಾಕಲಿ ಎಂದು ಇನ್ನೂ ಹುಡುಕುತ್ತಿದ್ದೇನೆ.