ಬ್ರಿಟನಿಯಲ್ಲಿ ಎಂಟು ದಿನ ಸೈಕಲ್: ದಿನಕ್ಕೆ 110 ಕಿ.ಮೀ. ಜಾಸ್ತಿ ಆಯ್ತಾ?

ಶಿರಸಿ_ಸವಾರ:

ಎಲ್ಲರಿಗೂ ನಮಸ್ಕಾರ. ನಾನಿರುವುದು ನೆದರ್‌ಲ್ಯಾಂಡ್ಸ್‌ನಲ್ಲಿ. ಜೂನ್‌ನಲ್ಲಿ ಎಂಟು ದಿನ ರಜೆ ಸಿಕ್ಕಿದೆ, ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿಟನಿಗೆ ರೋಡ್ ಬೈಕ್ ತಗೊಂಡು ಹೋಗೋಣ ಅಂತಿದ್ದೇನೆ. ಒಬ್ಬನೇ. ಸೀಟಿನ ಹಿಂದೆ ಒಂದು ಬ್ಯಾಗ್, ಹ್ಯಾಂಡಲ್ ಮೇಲೆ ಒಂದು ಸಣ್ಣ ಚೀಲ, ಅಷ್ಟೇ. ಟೆಂಟ್ ಇಲ್ಲ.

ಸದ್ಯದ ಪ್ಲಾನ್: ಸೆಂ ಮಾಲೋದಿಂದ ಶುರು ಮಾಡಿ ಉತ್ತರ ಕರಾವಳಿ ಹಿಡಿದು ರೋಸ್ಕೋಫ್, ಅಲ್ಲಿಂದ ಬ್ರೆಸ್ಟ್, ಆಮೇಲೆ ಕ್ರೋಜೋಂ ಪರ್ಯಾಯ ದ್ವೀಪ, ಕೊನೆಗೆ ಕ್ಯಾಂಪೇರ್‌ನಲ್ಲಿ ರೈಲು ಹತ್ತುವುದು. ದಿನಕ್ಕೆ 110 ಕಿ.ಮೀ. ಇಲ್ಲಿ ಶನಿವಾರ 120–130 ಆರಾಮಾಗಿ ತುಳಿಯುತ್ತೇನೆ. ಬ್ರಿಟನಿಯ ಅತಿ ಎತ್ತರದ ಜಾಗವೇ 385 ಮೀಟರ್ ಅಂತೆ. ಬೆಂಗಳೂರಲ್ಲಿದ್ದಾಗ ನಂದಿ ಬೆಟ್ಟ ಎಷ್ಟೋ ಸಲ ಹತ್ತಿದವನಿಗೆ ಇದೇನು ಮಹಾ ಅನ್ನಿಸಿತು. ಆದರೆ ಆಫೀಸಿನ ಫ್ರೆಂಚ್ ಗೆಳತಿ ಪ್ಲಾನ್ ನೋಡಿ ನಕ್ಕಳು, ಯಾಕೆ ಅಂತ ಹೇಳಲಿಲ್ಲ.

ಹೋಗಿ ಬಂದವರಿದ್ದರೆ ಹೇಳಿ. ನಾನು ಸಸ್ಯಾಹಾರಿ, ಮೊಟ್ಟೆ ನಡೆಯುತ್ತದೆ. ಊಟದ ಗತಿ ಏನು ಅಂತಲೂ ತಿಳಿಸಿ.

ರೆನ್_ನಿವಾಸಿ:

ಆಕೆ ನಕ್ಕಿದ್ದು ಯಾಕೆ ಅಂತ ನಾನು ಹೇಳುತ್ತೇನೆ :)

ಬ್ರಿಟನಿಯ ರೆನ್ ಊರಿಗೆ ಬಂದು ಆರು ವರ್ಷವಾಯಿತು. ಮೊದಲ ವರ್ಷ ನಾನೂ ಆ 385 ಮೀಟರ್ ನೋಡಿ ಮೋಸ ಹೋದವನೇ. ಬೆಟ್ಟ ಇಲ್ಲ, ನಿಜ. ಆದರೆ ಸಮತಟ್ಟೂ ಇಲ್ಲ. ಬ್ರೆಸ್ಟ್‌ನ ಉತ್ತರಕ್ಕೆ ಮೂರು ಅಬೆರ್‌ಗಳಿವೆ, ವ್ರಾಕ್, ಬೆನ್ವಾ, ಇಲ್ದ್ಯುತ್ ಅಂತ. ಹಳೇ ಹೊಳೆಯ ಕಣಿವೆಗೆ ಸಮುದ್ರ ನುಗ್ಗಿ ಆದ ಜಾಗಗಳು. ಅಘನಾಶಿನಿಯ ಅಳಿವೆ ನೀವು ನೋಡಿರುತ್ತೀರಿ, ಅದರ ಸಣ್ಣ ತಮ್ಮಂದಿರು ಅಂದುಕೊಳ್ಳಿ, ದಡ ಮಾತ್ರ ಕಡಿದು. ಮೇಲೆ ಹೂಕೋಸಿನ ಹೊಲಗಳ ನಡುವೆ ದಾರಿ ತನ್ನ ಪಾಡಿಗೆ ಹೋಗುತ್ತಿರುತ್ತದೆ, ತಟ್ಟನೆ ಇಳಿಜಾರು, ಕೆಳಗೊಂದು ಸೇತುವೆ, ನೀರಿಳಿದ ಕೆಸರಲ್ಲಿ ಒರಗಿ ಮಲಗಿದ ದೋಣಿಗಳು, ಒಂದು ತಿರುವು, ಮತ್ತೆ ಶೇ. 9–10ರ ಏರು. ಒಂದೊಂದು ಏರು ಅರ್ಧ ಕಿಲೋಮೀಟರೂ ಇರುವುದಿಲ್ಲ. ಕಾಲಿಗೆ ಲಯ ಸಿಗುವ ಮೊದಲೇ ಮುಗಿಯುತ್ತದೆ, ಉಸಿರು ಹಿಂತಿರುಗುವ ಮೊದಲೇ ಇನ್ನೊಂದು ಬರುತ್ತದೆ. ಇನ್ನೊಂದು ಕಡೆ, ಪೈಂಪೋಲ್‌ನಿಂದ ಎರ್ಕಿಗೆ ಹೋದ ದಿನ ನನ್ನ ಮೀಟರ್ ತೋರಿಸಿದ್ದು 88 ಕಿ.ಮೀ., ಏರು 1,150 ಮೀಟರ್. ನಂದಿ ಒಂದೇ ಸಲ ದುಡ್ಡು ಕೇಳುತ್ತದೆ, ಕೊಟ್ಟರೆ ಮುಗಿಯಿತು. ಬ್ರಿಟನಿ ದಿನವಿಡೀ ಚಿಲ್ಲರೆ ವಸೂಲಿ ಮಾಡುತ್ತದೆ. ಹಾಗಾಗಿ ದಿನಕ್ಕೆ 75 ಸಾಕು. ಗೇರ್ ನೋಡಿಕೊಳ್ಳಿ, ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ 32 ಹಲ್ಲು ಇದ್ದರೆ ಒಳ್ಳೆಯದು, ಟೈರ್ 28 ಮಿ.ಮೀ.ಗಿಂತ ಸಣ್ಣದು ಬೇಡ.

ಎರಡನೇ ತಪ್ಪು ದಿಕ್ಕು. ಇಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ. ಒಳ್ಳೆ ಬಿಸಿಲಿದ್ದರೆ ಈಶಾನ್ಯದಿಂದಲೂ ಬೀಸುತ್ತದೆ, ಆದರೆ ಅದನ್ನು ನಂಬಿಕೊಂಡು ಟಿಕೆಟ್ ಬುಕ್ ಮಾಡಬೇಡಿ. ನಿಮ್ಮ ಪ್ಲಾನ್ ಪ್ರಕಾರ ನಾಲ್ಕೈದು ದಿನ ಗಾಳಿ ಮುಖಕ್ಕೇ. ತಿರುಗಿಸಿ. ರೈಲಲ್ಲಿ ಕ್ಯಾಂಪೇರ್‌ಗೆ ಹೋಗಿ, ಅಲ್ಲಿಂದ ದ್ವಾರ್ನೆನೆ, ಕ್ರೋಜೋಂ. ಕ್ರೋಜೋಂನ ಲ ಫ್ರೆ ಬಂದರಿನಿಂದ ಬ್ರೆಸ್ಟ್‌ಗೆ ಬೇಸಿಗೆಯಲ್ಲಿ ದೋಣಿ ಇದೆ, ಸೈಕಲ್ ಹತ್ತಿಸಿಕೊಳ್ಳುತ್ತಾರೆ. ಆಮೇಲೆ ಲ ಕೋಂಕೆ, ಅಬೆರ್‌ಗಳು, ರೋಸ್ಕೋಫ್, ಮೊರ್ಲೇ, ಪೆರೋಸ್, ಪೈಂಪೋಲ್, ಫ್ರೆಯೆಲ್ ಭೂಶಿರ, ಸೆಂ ಮಾಲೋ. ಕೊನೆಯ ನಾಲ್ಕು ದಿನ ಗಾಳಿ ಬೆನ್ನಿಗೆ. ಪೆರೋಸ್ ಹತ್ತಿರ ಪ್ಲೂಮನಾಕ್‌ನಲ್ಲಿ ಗುಲಾಬಿ ಗ್ರಾನೈಟ್ ಬಂಡೆಗಳಿವೆ, ಸಂಜೆ ಹೋಗಿ. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಆತುರ ಬೇಡ.

ಎನ್12, ಎನ್165 ಅನ್ನುವ ನಾಲ್ಕು ಲೇನಿನ ರಸ್ತೆಗಳಿಗೆ ಸೈಕಲ್ ಬಿಡುವುದಿಲ್ಲ, ಮ್ಯಾಪ್ ತಪ್ಪಿ ಎಳೆದುಕೊಂಡು ಹೋದರೂ ಹತ್ತಬೇಡಿ. ಡಿ ಅಂತ ಶುರುವಾಗುವ ಸಣ್ಣ ರಸ್ತೆಗಳೇ ನಿಮ್ಮವು. ಊರಾಚೆ ಸೈಕಲ್ ದಾಟುವಾಗ ಕಾರಿನವರು ಒಂದೂವರೆ ಮೀಟರ್ ಬಿಡಬೇಕು ಅಂತ ಕಾನೂನು, ಹೆಚ್ಚಿನವರು ಬಿಡುತ್ತಾರೆ.

ಬ್ರೆವೆ_ಬಸ್ಯಾ:

ಗಾಳಿ ಬಗ್ಗೆ ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ನಾನು 2019ರ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ಗೆ ಹೋಗಿದ್ದೆ. ಗೊತ್ತಿಲ್ಲದವರಿಗೆ: 1891ರಲ್ಲಿ ಸೈಕಲ್ ರೇಸ್ ಆಗಿ ಶುರುವಾಗಿದ್ದು, ಈಗ ರೇಸ್ ಅಲ್ಲ, ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಸವಾರಿ, 1,200 ಕಿ.ಮೀ., 90 ಗಂಟೆಯೊಳಗೆ ಮುಗಿಸಬೇಕು. ಆ ಸಲ ನಮ್ಮ ದೇಶದಿಂದ ನೂರಾರು ಜನ, ಬೆಂಗಳೂರಿನವರೂ ಕಡಿಮೆ ಇರಲಿಲ್ಲ. ತುಂಬಾ ಜನಕ್ಕೆ ಮುಗಿಸಲಾಗಲಿಲ್ಲ. ನಾನೂ ಅವರಲ್ಲೊಬ್ಬ, ಬ್ರೆಸ್ಟ್‌ನಲ್ಲಿ ಬಿಟ್ಟೆ. ಬ್ರೆಸ್ಟ್‌ವರೆಗೆ ಎದುರು ಗಾಳಿ, ರಾತ್ರಿ ಹಲ್ಲು ಕಟಕಟ ಅನ್ನುವ ಚಳಿ, ಆಗಸ್ಟ್‌ನಲ್ಲಿ! ಅದೂ ಸಾಲದು ಅಂತ ಈ ಚಿಲ್ಲರೆ ಏರುಗಳು. ನಮ್ಮ 600 ಕಿ.ಮೀ. ಬ್ರೆವೆಗಳನ್ನು (ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿಗಳು) ಹೈವೇ ಮೇಲೆ ಒಂದೇ ಗೇರಲ್ಲಿ ತುಳಿದು ಅಭ್ಯಾಸ ಆಗಿದ್ದ ಕಾಲು ಇಲ್ಲಿ ಕೈಕೊಟ್ಟಿತು. ಎರಡು ರಾತ್ರಿ ತುಳಿದು ಬಂದ ದಾರಿಯನ್ನು ವಾಪಸ್ ರೈಲು ನಾಲ್ಕು ಗಂಟೆಯೊಳಗೆ ಮುಗಿಸಿತು. ಕಿಟಕಿಯಾಚೆ ನೋಡಲಿಲ್ಲ.

ಆದರೂ ನಾನು ಹೇಳುವುದು, ಕರಾವಳಿ ಒಂದನ್ನೇ ನೋಡಿಕೊಂಡು ಬರಬೇಡಿ. ಒಳನಾಡಿಗೆ ಒಂದು ದಿನ ಇಡಿ. ಮೊರ್ಲೇಯಿಂದ ದಕ್ಷಿಣಕ್ಕೆ ಇಪ್ಪತ್ತು ಚಿಲ್ಲರೆ ಕಿ.ಮೀ. ಹೋದರೆ ಅರೆ ಬೆಟ್ಟಸಾಲು, ನಿಮ್ಮ 385 ಮೀಟರ್ ಇರುವುದು ಅಲ್ಲೇ. ರಾಕ್ ಟ್ರೆವೆಜೆಲ್ ಅಂತ ಬಂಡೆಯ ಬೆನ್ನು. ಮರ ಇಲ್ಲ, ಕುರುಚಲು, ಹಳದಿ ಹೂವಿನ ಮುಳ್ಳುಪೊದೆ, ಮಂಜು. ಏರು ಕಡಿದಲ್ಲ, ಮುಗಿಯುವುದಿಲ್ಲ ಅಷ್ಟೇ. ನಾನು ದಾಟಿದ್ದು ಬೆಳಗಿನ ಜಾವ, ಮುಂದಿನವನ ಕೆಂಪು ದೀಪ ಬಿಟ್ಟು ಏನೂ ಕಾಣುತ್ತಿರಲಿಲ್ಲ.

ಬ್ರೆಸ್ಟ್ ದಾರಿಯ ಲೂದೆಆಕ್ ಊರು ದಾಟಿದ ಮೇಲೆ ಒಂದು ಹಳ್ಳಿಯಲ್ಲಿ, ರಾತ್ರಿ ಎರಡು ಗಂಟೆ ಇರಬಹುದು, ಒಬ್ಬ ಅಜ್ಜಿ ಮನೆ ಮುಂದೆ ಟೇಬಲ್ ಹಾಕಿ ಕೂತಿದ್ದರು. ಕಾಫಿ ಕೊಟ್ಟಿದ್ದು ಲೋಟದಲ್ಲಲ್ಲ, ಬಟ್ಟಲಲ್ಲಿ, ಎರಡೂ ಕೈಯಲ್ಲಿ ಹಿಡಿದುಕೊಳ್ಳುವಂಥದ್ದು. ಬೆರಳಿಗೆ ಜೀವ ಬಂತು. ದುಡ್ಡು ತೆಗೆದರೆ ಬೇಡ ಅಂದರು. ಒಂದು ಚೀಟಿಯಲ್ಲಿ ವಿಳಾಸ ಬರೆದು ಕೊಟ್ಟರು, ಊರಿಗೆ ಹೋಗಿ ಪೋಸ್ಟ್ ಕಾರ್ಡ್ ಕಳಿಸು ಅಂತ. ಮೈಸೂರು ಅರಮನೆಯದು ಕಳಿಸಿದೆ. ಸೈಕಲ್ ಅಂದರೆ ಆ ಜನಕ್ಕೆ ಹಾಗೆ. ಐದು ಸಲ ಟೂರ್ ದ ಫ್ರಾನ್ಸ್ ಗೆದ್ದ ಬೆರ್ನಾರ್ ಇನೋ ಹುಟ್ಟಿದ್ದು ಇಲ್ಲಿಯ ಇಫಿನ್ಯಾಕ್‌ನಲ್ಲಿ. 1985ರಲ್ಲಿ ಅವರು ಗೆದ್ದ ಮೇಲೆ ಇನ್ನೊಬ್ಬ ಫ್ರೆಂಚ್ ಗಂಡಸು ಅದನ್ನು ಗೆದ್ದಿಲ್ಲ. ಲನ್ನಿಲಿಸ್ ಸುತ್ತ ಟ್ರೋ ಬ್ರೋ ಲೆಯೋನ್ ಅಂತ ಒಂದು ರೇಸ್ ಇದೆ, ಹೊಲದ ನಡುವಿನ ಮಣ್ಣು ದಾರಿಗಳಲ್ಲಿ. ಮೊದಲು ಬಂದ ಬ್ರಿಟನಿಯವನಿಗೆ ಬಹುಮಾನ ಏನು ಗೊತ್ತಾ? ಜೀವಂತ ಹಂದಿಮರಿ.

ಹಂದಿ ಅಂದಾಗ ನೆನಪಾಯಿತು. ಫ್ರಾನ್ಸಿನ ಅರ್ಧಕ್ಕಿಂತ ಹೆಚ್ಚು ಹಂದಿಗಳನ್ನು ಸಾಕುವುದು ಈ ಒಂದು ಪ್ರದೇಶದಲ್ಲಿ. ಆ ಗೊಬ್ಬರವನ್ನು ಹೊಲಕ್ಕೆ ಸಿಂಪಡಿಸಿದ ದಿನ ಏರಿನಲ್ಲಿ ಬಾಯಿ ತೆರೆದು ಉಸಿರಾಡುವ ಸುಖ ಅನುಭವಿಸಿದವರಿಗೇ ಗೊತ್ತು. ಫೋಟೋಗಳಲ್ಲಿ ಇದು ಬರುವುದಿಲ್ಲ.

ಕಡಲಮನೆ_ಸುಮಾ:

ಊಟದ್ದು ನಾನು ಹೇಳುತ್ತೇನೆ, ನಾನೂ ಸಸ್ಯಾಹಾರಿಯೇ, ಹೋದ ವರ್ಷ ಗಂಡನ ಜೊತೆ ಹತ್ತು ದಿನ ತುಳಿದೆ.

ನಿಮ್ಮನ್ನು ಕಾಪಾಡುವುದು ಗಲೆಟ್. ಬಕ್‌ವೀಟ್ ಹಿಟ್ಟಿನ ದೋಸೆ, ಉತ್ತರ ಭಾರತದವರು ಉಪವಾಸಕ್ಕೆ ತಿನ್ನುವ ಕುಟ್ಟು ಇದೆಯಲ್ಲ, ಅದೇ. ಬಣ್ಣ ಥೇಟ್ ರಾಗಿ ದೋಸೆ. ದೊಡ್ಡ ಗುಂಡು ಕಾವಲಿ ಮೇಲೆ ಹಿಟ್ಟು ಸುರಿದು ಮರದ ಸಣ್ಣ ಕುಂಟೆಯಂಥದ್ದರಲ್ಲಿ ಸುತ್ತಿಸುತ್ತಾರೆ, ನೋಡುತ್ತಾ ನಿಂತರೆ ಸೌಟು ಕಸಿದುಕೊಂಡು ನಾನೇ ಹುಯ್ಯೋಣ ಅನ್ನಿಸುತ್ತದೆ. ಅಂಚು ಗರಿಗರಿ, ನಾಲ್ಕೂ ಕಡೆ ಮಡಚಿ, ನಡುವೆ ಮೊಟ್ಟೆ. ಕೊಂಪ್ಲೆತ್ ಅಂತ ಕೇಳಿದರೆ ಮೊಟ್ಟೆ, ಚೀಸ್ ಜೊತೆ ಹಂದಿ ಮಾಂಸವೂ ಇರುತ್ತದೆ, "ಸಾಂ ಜಾಂಬೋಂ" ಅನ್ನಿ. ಇನ್ನೊಂದು ವಿಷಯ, ಕಾವಲಿಗೆ ಹಂದಿ ಕೊಬ್ಬು ಸವರುವ ಹಳೇ ಪದ್ಧತಿಯವರೂ ಇದ್ದಾರೆ. ನಿಮಗೆ ಅದು ಮುಖ್ಯವಾದರೆ ಬೆಣ್ಣೆ ಹಾಕಿ ಅಂತ ಮೊದಲೇ ಹೇಳಿ. ದ್ವಾರ್ನೆನೆಯಲ್ಲಿ ಕುಯಿನ್ ಅಮಾನ್ ತಿನ್ನಿ, ಬ್ರೆಡ್ ಹಿಟ್ಟು, ಉಪ್ಪು ಬೆಣ್ಣೆ, ಸಕ್ಕರೆ, ಮೇಲೆ ಪಾಕ ಸುಟ್ಟು ಗಾಜಿನ ಹಾಗಾಗಿರುತ್ತದೆ. ಒಂದು ತುಂಡಿಗೆ 30 ಕಿ.ಮೀ. ಗ್ಯಾರಂಟಿ.

ಆದರೆ ಗಡಿಯಾರ ನೋಡಿಕೊಂಡು ಹಸಿಯಿರಿ! ಒಂದು ಹಳ್ಳಿಯ ಹೋಟೆಲ್‌ಗೆ ನಾವು ಮುಟ್ಟಿದ್ದು 2 ಗಂಟೆ 10 ನಿಮಿಷಕ್ಕೆ. ಒಳಗೆ ಜನ ಊಟ ಮಾಡುತ್ತಿದ್ದರು, ಆದರೆ ಅಡುಗೆಮನೆ ಮುಚ್ಚಿದೆ ಅಂದರು. ಮಳೆ ಹನಿಯುತ್ತಿತ್ತು. ಮುಂದಿನ ಊರಲ್ಲಿ ಸೋಮವಾರ ಅಂತ ಬೇಕರಿಗೂ ಬೀಗ. ಗಂಡ ಹೆಂಡತಿ ಇಬ್ಬರೂ ಮಾತು ಬಿಟ್ಟು 18 ಕಿ.ಮೀ. ತುಳಿದೆವು. ಭಾನುವಾರ ಮಧ್ಯಾಹ್ನ, ಸೋಮವಾರ ಹಳ್ಳಿಗಳಲ್ಲಿ ಏನೂ ಸಿಗದು ಅಂತಲೇ ಲೆಕ್ಕ ಹಾಕಿ, ಚೀಲದಲ್ಲಿ ಚಿಕ್ಕಿ ಇಟ್ಟುಕೊಳ್ಳಿ. ನೀರಿಗೆ ಮಾತ್ರ ಚಿಂತೆ ಇಲ್ಲ. ಸ್ಮಶಾನದಲ್ಲಿ ನಲ್ಲಿ ಇರುತ್ತದೆ, ಹೂವಿಗೆ ನೀರು ಹಾಕುವವರಿಗೆ ಅಂತ. ಮೊದಲ ದಿನ ನನಗೆ ಮುಜುಗರವಾಯಿತು, ಮೂರನೇ ದಿನಕ್ಕೆ ಚರ್ಚ್ ಗೋಪುರ ಕಂಡರೆ ಬಾಟಲಿಗೆ ಕೈ ಹೋಗುತ್ತಿತ್ತು. "ನೋಂ ಪೊತಾಬ್ಲ್" ಅಂತ ಬೋರ್ಡ್ ಇದ್ದರೆ ಕುಡಿಯಬೇಡಿ.

ರೆನ್_ನಿವಾಸಿ:

ಒಂದು ಮಾತು ಬಿಟ್ಟುಹೋಗಿತ್ತು. ಪಶ್ಚಿಮದ ಕಡೆ ಊರಿನ ಬೋರ್ಡ್‌ಗಳು ಎರಡು ಭಾಷೆಯಲ್ಲಿರುತ್ತವೆ, ಫ್ರೆಂಚ್ ಮತ್ತು ಬ್ರೆಟನ್. ಬ್ರೆಟನ್ ಫ್ರೆಂಚಿನ ಮಗಳಲ್ಲ, ವೇಲ್ಸ್ ಭಾಷೆಯ ಹತ್ತಿರದ ನೆಂಟಸ್ತಿಕೆಯದು. ಹೆಸರು ಓದಲು ಕಲಿತರೆ ಏರು ಇಳಿತ ಮೊದಲೇ ಗೊತ್ತಾಗುತ್ತದೆ. ಕೆರ್ ಅಂದರೆ ಮನೆ, ಕೇರಿ, ಇದು ನೂರು ಕಡೆ ಬರುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಪೆನ್ ಅಂದರೆ ತಲೆ, ತುದಿ. ಮೆನೆ, ರುನ್, ಕ್ರೆಯಾಕ್ ಇದ್ದರೆ ದಿಬ್ಬ, ಗೇರ್ ಇಳಿಸಿ. ಟ್ರಾವೋನ್ ಅಂದರೆ ಕಣಿವೆಯ ತಳ. ಅಲ್ಲಿಗೆ ಸುಖವಾಗಿ ಇಳಿಯುತ್ತೀರಿ, ಆಮೇಲೆ ನನ್ನನ್ನು ಬೈಯುತ್ತೀರಿ.

ಹಾಂ, ಬೇಸಿಗೆಯಲ್ಲಿ ಹಳ್ಳಿ ರಸ್ತೆಗೆ ಡಾಂಬರು ಹೊಯ್ದು ಮೇಲೆ ಸಡಿಲ ಜಲ್ಲಿ ಚೆಲ್ಲಿ ಬಿಡುತ್ತಾರೆ. "ಗ್ರಾವಿಯೋಂ" ಅಂತ ಬೋರ್ಡ್ ಕಂಡರೆ ಇಳಿಜಾರಲ್ಲಿ ಬ್ರೇಕ್ ಜೋರಾಗಿ ಹಿಡಿಯಬೇಡಿ. ನನ್ನ ಮೊಣಕೈಯಲ್ಲಿ ಇನ್ನೂ ಗುರುತಿದೆ.

ಶಿರಸಿ_ಸವಾರ:

ಎಲ್ಲರಿಗೂ ಥ್ಯಾಂಕ್ಸ್. ಪ್ಲಾನ್ ತಿರುಗಿಸಿದೆ. ಕ್ಯಾಂಪೇರ್‌ನಿಂದ ಶುರು, ಸೆಂ ಮಾಲೋದಲ್ಲಿ ಕೊನೆ, ದಿನಕ್ಕೆ 70–80. ಬಸ್ಯಾ ಅವರ ಬಂಡೆಗೆ ಅರ್ಧ ದಿನ ಇಟ್ಟಿದ್ದೇನೆ. ಪ್ಯಾರಿಸ್‌ನಿಂದ ಸೈಕಲ್ ಬಿಚ್ಚಿ ಚೀಲಕ್ಕೆ ಹಾಕಿ ರೈಲಿಗೆ ಹತ್ತುತ್ತೇನೆ. ಗೆಳತಿಗೆ ಹೊಸ ಪ್ಲಾನ್ ತೋರಿಸಿದೆ, ಈ ಸಲ ನಗಲಿಲ್ಲ, ಮಳೆ ಕೋಟು ಇದೆಯಾ ಅಂತ ಕೇಳಿದಳು.

ಒಂದು ಕೊನೆ ಪ್ರಶ್ನೆ. ರೋಸ್ಕೋಫ್‌ನಿಂದ ಮೊರ್ಲೇಗೆ ಹೋಗುವಾಗ ಕರಾಂಟೆಕ್ ಹತ್ತಿರ ಕಲೋ ಅಂತ ದ್ವೀಪ ಕಾಣುತ್ತಿದೆ, ಮ್ಯಾಪ್‌ನಲ್ಲಿ ಸಮುದ್ರದ ಮೇಲೆ ರಸ್ತೆ ಎಳೆದಿದ್ದಾರೆ. ಸೈಕಲ್ ಹೋಗುತ್ತದಾ?

ರೆನ್_ನಿವಾಸಿ:

ಹೋಗುತ್ತದೆ, ನೀರಿಳಿದಾಗ ಮಾತ್ರ. ಉಬ್ಬರ ಬಂದರೆ ಆ ರಸ್ತೆ ಪೂರ್ತಿ ಮುಳುಗುತ್ತದೆ. ಹೊರಡುವ ಮುಂಚೆ ಆ ದಿನದ ಉಬ್ಬರ-ಇಳಿತದ ವೇಳೆ ನೋಡಿಕೊಳ್ಳಿ, ವಾಪಸ್ ಬರುವುದಕ್ಕೆ ಒಂದು ಗಂಟೆ ಜಾಸ್ತಿಯೇ ಇಟ್ಟುಕೊಳ್ಳಿ. ದಾಟಿ ಬಂದ ಮೇಲೆ ಚೈನ್‌ಗೆ ಸಿಹಿನೀರು ಹಾಕಿ ತೊಳೆದು ಎಣ್ಣೆ ಬಿಡಿ, ಉಪ್ಪು ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಸುತ್ತದೆ.