ಹೆರಿಗೆ ನೋವಿಗೆ ಬೆನ್ನಿನ ಇಂಜೆಕ್ಷನ್: ಅನುಭವವಿರುವವರು ತಿಳಿಸಬಹುದೇ?

ಪ್ರಶ್ನೆ (ಕಟಪಾಡಿಯಿಂದ)

ಎಲ್ಲರಿಗೂ ನಮಸ್ಕಾರ. ನನಗೆ 34 ವಾರ ತುಂಬಿದೆ, ಚೊಚ್ಚಲ ಹೆರಿಗೆ. ಈಗ ತವರಿನಲ್ಲಿದ್ದು, ಉಡುಪಿಯಲ್ಲಿ ತೋರಿಸಿಕೊಳ್ಳುತ್ತಿದ್ದೇನೆ. ಬೇಕಾದರೆ ಎಪಿಡ್ಯೂರಲ್ (ನೋವು ತಗ್ಗಿಸಲು ಬೆನ್ನಿಗೆ ಕೊಡುವ ಇಂಜೆಕ್ಷನ್) ಕೊಡಬಹುದೆಂದು ವೈದ್ಯರು ಹೇಳಿದ್ದಾರೆ. ಆದರೆ ಅದನ್ನು ತೆಗೆದುಕೊಂಡವರಿಗೆ ಜೀವಮಾನವಿಡೀ ಬೆನ್ನುನೋವು ತಪ್ಪದು ಎಂದು ಅತ್ತೆ ಹೇಳುತ್ತಾರೆ. ಸಿಸೇರಿಯನ್ ಆಗುವುದೇ ಹೆಚ್ಚು ಎಂದು ನಾದಿನಿಯೂ ಹೆದರಿಸಿದ್ದಾಳೆ. ಅಮ್ಮ ಮಾತ್ರ ಏನೂ ಹೇಳದೆ ನನ್ನ ಮುಖ ನೋಡುತ್ತಾರೆ. ನೋವು ತಡೆಯಲಾರೆ ಎಂದು ಬಾಯಿಬಿಟ್ಟು ಹೇಳುವುದಕ್ಕೂ ನನಗೆ ಸಂಕೋಚವಾಗುತ್ತಿದೆ. ಇಂಜೆಕ್ಷನ್ ತೆಗೆದುಕೊಂಡವರೂ ತೆಗೆದುಕೊಳ್ಳದೆ ಹೆತ್ತವರೂ ತಿಳಿಸಿದರೆ ಉಪಕಾರವಾದೀತು.

ಉತ್ತರ (ಸುರತ್ಕಲ್, ಇಬ್ಬರು ಮಕ್ಕಳ ತಾಯಿ)

ತಂಗಿ, ಸಂಕೋಚ ಬೇಡ. ನನ್ನ ಮೊದಲ ಹೆರಿಗೆ ಒಂದು ಖಾಸಗಿ ಆಸ್ಪತ್ರೆಯಲ್ಲಾಯಿತು. ರಾತ್ರಿ ಎರಡು ಗಂಟೆಗೆ ಇಂಜೆಕ್ಷನ್ ಕೇಳಿದಾಗ, ಆ ಹೊತ್ತಿನಲ್ಲಿ ಅರಿವಳಿಕೆ ವೈದ್ಯರು ಇರುವುದಿಲ್ಲ ಎಂಬ ಉತ್ತರ ಬಂತು. ಹೆರುವವರೆಲ್ಲ ಹೀಗೆಯೇ ಕೂಗುವುದೆಂದು ಒಬ್ಬರು ಹೇಳಿ ಹೋದರು. ನೋವು ಎಷ್ಟಿತ್ತೆಂಬುದು ಈಗ ಮಸುಕಾಗಿದೆ, ಆ ಮಾತು ಮಾತ್ರ ಇನ್ನೂ ಕಿವಿಯಲ್ಲಿದೆ.

ಎರಡನೆಯ ಸಲ ಮೊದಲೇ ವಿಚಾರಿಸಿ ಬೇರೆ ಕಡೆ ಹೋದೆ. ಮಂಚದ ಅಂಚಿನಲ್ಲಿ ಕೂರಿಸಿ, ದಿಂಬನ್ನು ತಬ್ಬಿಕೊಂಡು ಬೆನ್ನು ಬಾಗಿಸಲು ಹೇಳಿದರು. ಒಂದು ನೋವು ಬಂದು ಹೋಗುವ ತನಕ ಕಾದು, ನಡುವಿನ ಬಿಡುವಿನಲ್ಲಿ ಚುಚ್ಚಿದರು. ಸೂಜಿ ಹೊರಗೆ ಬಂದ ಮೇಲೆ ಬೆನ್ನಿನಲ್ಲಿ ಉಳಿದದ್ದು ನೂಲಿನಂತಹ ತೆಳ್ಳಗಿನ ಕೊಳವೆ ಮಾತ್ರ. ಸುಮಾರು ಇಪ್ಪತ್ತು ನಿಮಿಷದಲ್ಲಿ ಹೊಟ್ಟೆ ಗಟ್ಟಿಯಾಗುವುದು ತಿಳಿಯುತ್ತಿತ್ತು, ಆದರೆ ಹಿಂಡುವ ನೋವಿರಲಿಲ್ಲ. ಕಾಲು ಭಾರವೆನಿಸಿತು, ಮೈ ಸ್ವಲ್ಪ ತುರಿಸಿತು. ನಾನು ಕೇಳುವುದಿಷ್ಟೇ: ನಿಮ್ಮ ಆಸ್ಪತ್ರೆಯಲ್ಲಿ ರಾತ್ರಿಯೂ, ಭಾನುವಾರವೂ ಅರಿವಳಿಕೆ ವೈದ್ಯರು ಸಿಗುತ್ತಾರೆಯೇ ಎಂದು ಈಗಲೇ ವಿಚಾರಿಸಿ, ಖರ್ಚು ಎಷ್ಟೆಂದೂ ಕೇಳಿಕೊಳ್ಳಿ.

ಉತ್ತರ (ಮಂಗಳೂರು, ಅರಿವಳಿಕೆ ವಿಭಾಗದಲ್ಲಿ ಕೆಲಸ)

ನಿಮ್ಮ ಮನೆಯವರ ಎರಡೂ ಭಯಗಳಿಗೆ ಉತ್ತರವಿದೆ. ವೈದ್ಯಕೀಯ ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡುವ ಕೊಕ್ರೇನ್ ಸಂಸ್ಥೆಯ 2018ರ ಸಮೀಕ್ಷೆಯು 40 ಪ್ರಯೋಗಗಳನ್ನು, 11,000ಕ್ಕೂ ಹೆಚ್ಚು ತಾಯಂದಿರನ್ನು ಒಟ್ಟಾಗಿ ಪರಿಶೀಲಿಸಿ, ಎಪಿಡ್ಯೂರಲ್‌ನಿಂದ ಸಿಸೇರಿಯನ್ ಆಗಲಿ ದೀರ್ಘಕಾಲದ ಬೆನ್ನುನೋವಾಗಲಿ ಹೆಚ್ಚುವುದಿಲ್ಲವೆಂದು ಕಂಡುಕೊಂಡಿತು. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ಮಗುವನ್ನು ಎತ್ತಿಕೊಂಡು, ಬಗ್ಗಿ ಕುಳಿತು ಹಾಲೂಡಿಸುವ ಬಾಣಂತಿಗೆ ಬೆನ್ನು ನೋಯುವುದು ಇಂಜೆಕ್ಷನ್ ಇಲ್ಲದೆಯೂ ಸಾಮಾನ್ಯ.

ತೊಂದರೆಯೇ ಇಲ್ಲವೆಂದು ನಾನು ಹೇಳುವುದಿಲ್ಲ. ರಕ್ತದೊತ್ತಡ ಇಳಿಯಬಹುದು, ಜ್ವರ ಬರಬಹುದು, ಮೂತ್ರಕ್ಕೆ ನಳಿಕೆ ಹಾಕಬೇಕಾಗಬಹುದು, ಮುಕ್ಕುವ ಹಂತ ಸ್ವಲ್ಪ ಉದ್ದವಾಗಬಹುದು. ಸುಮಾರು ನೂರರಲ್ಲಿ ಒಬ್ಬರಿಗೆ, ಎದ್ದು ಕುಳಿತರೆ ಹೆಚ್ಚಾಗುವ ತೀವ್ರ ತಲೆನೋವು ಬರುತ್ತದೆ, ಅದಕ್ಕೆ ಚಿಕಿತ್ಸೆಯಿದೆ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳು) ಬಹಳ ಕಡಿಮೆಯಿದ್ದರೆ, ರಕ್ತ ತೆಳುವಾಗಿಸುವ ಇಂಜೆಕ್ಷನ್ ನಡೆಯುತ್ತಿದ್ದರೆ ಮೊದಲೇ ತಿಳಿಸಲೇಬೇಕು. ಎಪಿಡ್ಯೂರಲ್ ಬೇಡವೆಂದರೆ, ಮುಖವಾಡದ ಮೂಲಕ ಉಸಿರಿನೊಂದಿಗೆ ಎಳೆಯುವ ನೋವು ತಗ್ಗಿಸುವ ಗ್ಯಾಸ್ ಕೆಲವೆಡೆ ಸಿಗುತ್ತದೆ. ನೋವು ಏರುವ ಮೊದಲೇ ಎಳೆಯಲು ಆರಂಭಿಸಿದರೆ ಅದು ಫಲ ಕೊಡುತ್ತದೆ. ಪೆಥಿಡಿನ್‌ನಂತಹ ನೋವು ನಿವಾರಕ ಇಂಜೆಕ್ಷನ್‌ಗಳಿಂದ ತಾಯಿಗೆ ಮಂಪರು ಬರುತ್ತದೆ, ಹುಟ್ಟಿದ ಮಗುವಿನ ಉಸಿರಾಟವೂ ನಿಧಾನವಾಗಬಹುದು.

ಒಂದು ಮಾತು ಸೇರಿಸುತ್ತೇನೆ. ತಾಯಂದಿರ ತೃಪ್ತಿಯ ಬಗ್ಗೆ 2002ರಲ್ಲಿ ಸಂಶೋಧಕಿ ಎಲೆನ್ ಹಾಡ್ನೆಟ್ ನಡೆಸಿದ ಸಮೀಕ್ಷೆಯಲ್ಲಿ, ಆರೈಕೆ ಮಾಡುವವರ ಬೆಂಬಲ, ನಿರ್ಧಾರದಲ್ಲಿ ತಾಯಿಗಿದ್ದ ಪಾಲು, ಅವಳ ನಿರೀಕ್ಷೆ ಇವು ನೋವಿನ ಪ್ರಮಾಣಕ್ಕಿಂತಲೂ ಹೆಚ್ಚು ತೂಗಿದವು. ಸುರತ್ಕಲ್‌ನ ಸಹೋದರಿ ಬರೆದದ್ದು ಅದನ್ನೇ.

ಉತ್ತರ (ಉಡುಪಿ, ಸರಕಾರಿ ಆಸ್ಪತ್ರೆಯಲ್ಲಿ ಹೆತ್ತವಳು)

ನನಗೆ ಯಾವ ಇಂಜೆಕ್ಷನ್ನೂ ಇರಲಿಲ್ಲ. ಆದರೆ ಅಮ್ಮನನ್ನು ಲೇಬರ್ ವಾರ್ಡಿನೊಳಗೆ ಬಿಟ್ಟಿದ್ದರು. ನೋವು ಬಂದಾಗಲೆಲ್ಲ ಅವರು ಮುಷ್ಟಿ ಕಟ್ಟಿ ನನ್ನ ಸೊಂಟದ ಕೆಳಗೆ ಒತ್ತಿ ಹಿಡಿಯುತ್ತಿದ್ದರು, ಬಿಡುವಿನಲ್ಲಿ ತೋಳು ಕೊಟ್ಟು ನಡೆಸುತ್ತಿದ್ದರು. ಹೆರಿಗೆಯ ವೇಳೆ ತಾಯಿ ಬಯಸಿದವರು ಜೊತೆಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸುಗಳಲ್ಲೇ ಇದೆ. ಇಂಜೆಕ್ಷನ್ ತೆಗೆದುಕೊಳ್ಳುವುದಾದರೂ ಜೊತೆಗೆ ಒಬ್ಬರನ್ನು ಬಿಡುತ್ತಾರೆಯೇ ಎಂದು ಕೇಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಇಷ್ಟನ್ನೂ ನಿನ್ನೆ ರಾತ್ರಿ ಅಮ್ಮನಿಗೆ ಓದಿ ಹೇಳಿದೆ. ನನ್ನನ್ನು ಹೆರುವಾಗ ತನ್ನ ಅಮ್ಮ ಬಾಗಿಲ ಹೊರಗೇ ನಿಂತಿದ್ದರೆಂದು ಅವರು ಮೊದಲ ಬಾರಿಗೆ ಹೇಳಿದರು. ಮುಂದಿನ ವಾರ ವೈದ್ಯರ ಬಳಿಗೆ ಅವರೂ ಬರುತ್ತಾರೆ.