ಗ್ಲೂಟನ್ ಇಲ್ಲದ ಮತ್ಸಾ ಮನೆಯಲ್ಲಿ ಮಾಡಿದವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಕಡೆಯವಳು. ಇಸ್ರೇಲಿಗೆ ಬಂದು ಏಳು ತಿಂಗಳಾಯಿತು. ಪೆತಾಖ್ ತಿಕ್ವಾದಲ್ಲಿ 84 ವರ್ಷದ ಅಜ್ಜಿಯೊಬ್ಬರನ್ನು ನೋಡಿಕೊಳ್ಳುತ್ತಿದ್ದೇನೆ. ಇಲ್ಲಿನವರ ಹಾಗೆ ನಾನೂ ಸವ್ತಾ (ಅಜ್ಜಿ) ಅಂತಲೇ ಕರೆಯುತ್ತೇನೆ. ಈ ಚಳಿಗಾಲದಲ್ಲಿ ಅವರಿಗೆ ಸೀಲಿಯಾಕ್ ಕಾಯಿಲೆ ಇದೆ ಅಂತ ಗೊತ್ತಾಯಿತು. ಗೋಧಿಯಂಥ ಧಾನ್ಯದಲ್ಲಿ ಅಂಟು ಕೊಡುವ ಗ್ಲೂಟನ್ ಇರುತ್ತದಲ್ಲ, ಅದು ಅವರಿಗೆ ಒಂದು ಚೂರೂ ಆಗುವುದಿಲ್ಲ.

ಇನ್ನು ಮೂರು ವಾರಕ್ಕೆ ಯಹೂದಿಗಳ ಪೆಸಾಖ್ ಹಬ್ಬ. ಮೊದಲ ರಾತ್ರಿಯ ಹಬ್ಬದೂಟಕ್ಕೆ ಸೇಡರ್ ಅನ್ನುತ್ತಾರೆ. ಅದರಲ್ಲಿ ಮತ್ಸಾ, ಅಂದರೆ ಹುಳಿ ಬರಿಸದ ತೆಳು ರೊಟ್ಟಿ, ತಿನ್ನಲೇಬೇಕು. "ಸೇಡರ್ ರಾತ್ರಿ ಎಲ್ಲರೂ ಮತ್ಸಾ ತಿನ್ನುವಾಗ ನಾನು ಸುಮ್ನೆ ನೋಡ್ತಾ ಕೂರಬೇಕಾ?" ಅಂತ ಮೊನ್ನೆ ಕೇಳಿದರು. ಕೇಳಿ ತುಂಬ ಸಂಕಟವಾಯಿತು. ನಮ್ಮ ಅಕ್ಕಿ ರೊಟ್ಟಿಯಲ್ಲಿ ಗೋಧಿ ಇಲ್ಲ, ಹುಳಿ ಬರಿಸುವುದೂ ಇಲ್ಲ. ಅದನ್ನೇ ತೆಳ್ಳಗೆ ಮಾಡಿಕೊಟ್ಟರೆ ಆಗುವುದಿಲ್ಲವಾ? ಮಾಡಿ ಗೊತ್ತಿದ್ದರೆ ಹೇಳಿ ಅಕ್ಕಂದಿರೇ.

ಹೈಫಾದಿಂದ

ತಂಗಿ, ನಾನು ಇಲ್ಲಿ ಬಂದು ಒಂಬತ್ತು ವರ್ಷ. ನಾನು ನೋಡಿಕೊಂಡ ಸವ್ತಾಗೂ ಇದೇ ಕಾಯಿಲೆ ಇತ್ತು. ನಾಲ್ಕು ಪೆಸಾಖ್ ಅವರ ಜೊತೆ ಕಳೆದಿದ್ದೇನೆ. ಹಿಟ್ಟಿಗೆ ಕೈ ಹಾಕುವ ಮೊದಲು ಒಂದು ವಿಷಯ ತಿಳಿದುಕೋ. ನಿನ್ನ ಸವ್ತಾ ಕೇಳುತ್ತಿರುವುದು ಬರೀ ರೊಟ್ಟಿ ಅಲ್ಲ. ಎಲ್ಲರ ಜೊತೆ ಮಂತ್ರ ಹೇಳಿ ತಿನ್ನುವಂಥ ಮತ್ಸಾ.

ಆ ಮತ್ಸಾ ಐದು ಧಾನ್ಯದಲ್ಲೇ ಆಗಬೇಕು. ಗೋಧಿ, ಬಾರ್ಲಿ, ಸ್ಪೆಲ್ಟ್, ರೈ, ಓಟ್ಸ್. ನೀರು ಬಿದ್ದರೆ ಹುಳಿ ಬರುವ ಧಾನ್ಯವನ್ನೇ ಹುಳಿ ಬರಲು ಬಿಡದೆ ಸುಡಬೇಕು ಅನ್ನುವುದು ಅವರ ನಿಯಮ. ಅವರ ಲೆಕ್ಕದಲ್ಲಿ ಅಕ್ಕಿ ಹಾಗೆ ಹುಳಿ ಬರುವ ಧಾನ್ಯವೇ ಅಲ್ಲ. ಅದಕ್ಕೇ ಅಕ್ಕಿ ರೊಟ್ಟಿ ಎಷ್ಟು ಚೆನ್ನಾಗಿ ಬಂದರೂ ಸೇಡರ್‌ನ ಮತ್ಸಾ ಆಗುವುದಿಲ್ಲ. ಈ ಐದರಲ್ಲಿ ಸೀಲಿಯಾಕ್ ಇರುವವರಿಗೆ ಉಳಿಯುವುದು ಓಟ್ಸ್ ಒಂದೇ. ಹೀಬ್ರೂವಿನಲ್ಲಿ ಅದಕ್ಕೆ ಶಿಬೊಲೆತ್ ಶುಅಲ್ ಅನ್ನುತ್ತಾರೆ. ನರಿಯ ತೆನೆ ಅಂತ ಅರ್ಥ. ಲಂಡನ್ನಿನಲ್ಲಿ ಎಫ್ರಾಯಿಮ್ ಕೆಸ್ಟೆನ್‌ಬಾಮ್ ಅನ್ನುವ ರಬ್ಬಿ (ಯಹೂದಿ ಧರ್ಮಗುರು) ತಮ್ಮ ಮಗಳಿಗೆ ಈ ಕಾಯಿಲೆ ಬಂದಾಗ ಓಟ್ಸ್ ಮತ್ಸಾ ಮಾಡುವ ದಾರಿ ಹುಡುಕಿದರು. ಈಗ ಇಲ್ಲಿನ ಅಂಗಡಿಯಲ್ಲೂ ಓಟ್ಸ್ ಮತ್ಸಾ ಸಿಗುತ್ತದೆ. ಬೆಲೆ ಮಾತ್ರ ತುಂಬಾ ಜಾಸ್ತಿ.

ಮನೆಯಲ್ಲಿ ಮಾಡುವುದಾದರೆ ಇನ್ನೊಂದು ಮಾತು. ಇದು ನನಗೆ ಮೊದಲು ಗೊತ್ತಿರಲಿಲ್ಲ. ಸೇಡರ್‌ನ ಮತ್ಸಾವನ್ನು ಅವರ ಧರ್ಮದವರೇ, ಈ ಕೆಲಸಕ್ಕೆಂದೇ ಮನಸ್ಸಿಟ್ಟು ಮಾಡಬೇಕು. ನೀನೋ ನಾನೋ ಕಲಸಿ ಸುಟ್ಟರೆ ಧರ್ಮ ಪಾಲಿಸುವ ಮನೆಗಳಲ್ಲಿ ಅದು ನಡೆಯುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡ. ನಮ್ಮ ಮನೆಯಲ್ಲಿ ಸವ್ತಾನ ಮಗಳು ಬಂದು ಕಲಸಿ, ಲಟ್ಟಿಸಿ, ಸುಟ್ಟರು. ಪ್ರತಿ ಸಲ "ಲೆಶೆಮ್ ಮತ್ಸತ್ ಮಿತ್ಸ್ವಾ", ಅಂದರೆ ವಿಧಿಯ ಮತ್ಸಾಕ್ಕಾಗಿ, ಅಂತ ಹೇಳುತ್ತಿದ್ದರು. ನಾನು ಗಡಿಯಾರ ಹಿಡಿದು ನಿಮಿಷ ಕೂಗುತ್ತಿದ್ದೆ. ಸವ್ತಾ ಅಡುಗೆಮನೆ ಬಾಗಿಲಲ್ಲಿ ಗಾಲಿಕುರ್ಚಿಯಲ್ಲಿ ಕೂತು ನೋಡುತ್ತಿದ್ದರು.

ಗಡಿಯಾರ ಯಾಕೆ ಅಂದರೆ, ಹಿಟ್ಟಿಗೆ ನೀರು ಮುಟ್ಟಿದ ಮೇಲೆ 18 ನಿಮಿಷದೊಳಗೆ ಬೆಂದು ಮುಗಿಯಬೇಕು. ಆಮೇಲೆ ಅದು ಖಮೆತ್ಸ್, ಅಂದರೆ ಹುಳಿ ಬಂದದ್ದು. ಹಬ್ಬದಲ್ಲಿ ಮನೆಯಲ್ಲೇ ಇರಬಾರದು. ಹಿಟ್ಟಿಗೂ ಇದೇ ಎಚ್ಚರ. ಅಂಗಡಿಯ ಮಾಮೂಲಿ ಓಟ್ಸ್ ಪುಡಿ ಮಾಡಿಕೊಂಡರೆ ಆಗುವುದಿಲ್ಲ. ಪೆಸಾಖ್‌ಗೆಂದೇ ನೀರು ತಗಲದಂತೆ ಕಾದಿಟ್ಟ ಹಿಟ್ಟು ಬೇಕು. ಅದರ ಮೇಲೆ ಗ್ಲೂಟನ್ ಇಲ್ಲ ಅಂತಲೂ ಬರೆದಿರಬೇಕು. ಓಟ್ಸ್ ಬೆಳೆಯುವ ಹೊಲದಲ್ಲೂ ಗಿರಣಿಯಲ್ಲೂ ಗೋಧಿ ಬೆರೆತುಬಿಡುತ್ತದೆ. ನಮಗೆ ಸವ್ತಾನ ಮಗ ತಂದುಕೊಟ್ಟರು.

ನಾವು ಮಾಡಿದ ಅಳತೆ ಇದು. 120 ಗ್ರಾಂ ಹಿಟ್ಟಿಗೆ 75 ಮಿಲಿ ನೀರು. ಉಪ್ಪಿಲ್ಲ, ಎಣ್ಣೆ ಇಲ್ಲ. ನೀರನ್ನು ಹಿಂದಿನ ಸಂಜೆಯೇ ಹಿಡಿದು ರಾತ್ರಿ ಇಡಬೇಕು. ತಂಗಿದ ತಣ್ಣನೆ ನೀರೇ ಬೇಕು. ರೊಟ್ಟಿ ಅಂದರೆ ನಮ್ಮ ಕೈ ಬಿಸಿನೀರಿಗೇ ಹೋಗುತ್ತದೆ ಅಲ್ವಾ, ಇಲ್ಲಿ ಅದು ಕೂಡದು. ಬಿಸಿಗೆ ಹಿಟ್ಟು ಬೇಗ ಹುಳಿ ಬರುತ್ತದೆ.

ಗ್ಲೂಟನ್ ಇಲ್ಲದ್ದರಿಂದ ಹಿಟ್ಟಿಗೆ ಜಿಗುಟು ಇಲ್ಲ. ಲಟ್ಟಿಸಿದರೆ ಅಂಚೆಲ್ಲ ಬಿರಿಯುತ್ತದೆ, ಎತ್ತಿದರೆ ಮುರಿಯುತ್ತದೆ. ಮೊದಲ ವರ್ಷ ಎಂಟರಲ್ಲಿ ಮೂರು ಮಾತ್ರ ಇಡಿಯಾಗಿ ಬಂದವು. ಎರಡನೇ ವರ್ಷ ಉಪಾಯ ಸಿಕ್ಕಿತು. ಒಂದು ಸಲಕ್ಕೆ ಎರಡು ಉಂಡೆಗಾಗುವಷ್ಟೇ ಕಲಸಬೇಕು. ಉಂಡೆಯನ್ನು ಎರಡು ಬೇಕಿಂಗ್ ಪೇಪರ್ ನಡುವೆ ಇಟ್ಟು ಲಟ್ಟಿಸಬೇಕು. ಮೇಲಿನ ಪೇಪರ್ ತೆಗೆದು ಫೋರ್ಕಿನಿಂದ ಒತ್ತೊತ್ತಾಗಿ ಚುಚ್ಚಬೇಕು. ಆಮೇಲೆ ಕೆಳಗಿನ ಪೇಪರ್ ಸಮೇತ ಜಾರಿಸಿ ಓವನ್‌ಗೆ. ಕೈಯಲ್ಲಿ ಎತ್ತಲೇಬಾರದು. ಓವನ್ ಅರ್ಧ ಗಂಟೆ ಮೊದಲೇ 250 ಡಿಗ್ರಿಗೆ ಕಾದಿರಬೇಕು, ಟ್ರೇ ಒಳಗೇ ಕಾಯುತ್ತಿರಬೇಕು. ಆದರೆ ಪೇಪರ್ ಅಷ್ಟು ಶಾಖ ತಡೆಯುತ್ತದಾ ಅಂತ ಪೊಟ್ಟಣದ ಮೇಲೆ ನೋಡಿಕೊಳ್ಳಿ. ನಮ್ಮದು 230ಕ್ಕೇ ನಿಲ್ಲಿಸಿದೆವು. ಏಳೆಂಟು ನಿಮಿಷದಲ್ಲಿ ಅಂಚು ಕಂದುತ್ತದೆ. ಚುಚ್ಚುವುದು ಉಬ್ಬದಿರಲಿ ಅಂತ. ಉಬ್ಬಿದ್ದನ್ನೂ ಮಡಚಿ ಅಂಟಿದ್ದನ್ನೂ ಅವರು ತೆಗೆದಿಡುತ್ತಾರೆ.

ಒಂದು ಮೊಟ್ಟೆ ಒಡೆದು ಹಾಕಿದರೆ ಎಲ್ಲ ಸರಿಯಾಗುತ್ತದೆ ಅನ್ನಿಸುತ್ತದೆ. ನಾನೂ ಅದನ್ನೇ ಹೇಳಿದೆ. ಮಗಳು ಬೇಡ ಅಂದರು. ಮತ್ಸಾ ಅಂದರೆ ಬಡವರ ರೊಟ್ಟಿ, ಹಿಟ್ಟು ಮತ್ತು ನೀರು ಅಷ್ಟೇ. ಮೊಟ್ಟೆ, ಹಣ್ಣಿನ ರಸ ಬಿದ್ದರೆ ಸೇಡರ್‌ಗೆ ಸಲ್ಲುವುದಿಲ್ಲ.

ರುಚಿ ಹೇಗೆ ಅಂತ ಕೇಳಿದರೆ, ಒಣ, ಸ್ವಲ್ಪ ಕಹಿ. ಸವ್ತಾ ಮೊದಲ ಚೂರು ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡು ತುಂಬ ಹೊತ್ತು ಅಗಿದರು. ರೊಟ್ಟಿ ತಿನ್ನುವ ಮೊದಲು ಅವರು ಹೇಳುವ ಹಮೋತ್ಸಿ ಮಂತ್ರ ನನಗೆ ಇವತ್ತಿಗೂ ಬಾಯಿಪಾಠ.

ಇಷ್ಟೆಲ್ಲ ಆದ ಮೇಲೂ ನನ್ನ ಸಲಹೆ ಬೇರೆ. ನಿನಗೆ ಇದು ಮೊದಲ ವರ್ಷ. ಸೇಡರ್‌ಗೆ ಓಟ್ಸ್ ಮತ್ಸಾ ಕೊಂಡುಬಿಡಿ, ಒಂದು ಪೊಟ್ಟಣ ಸಾಕು. ಉಳಿದ ದಿನಗಳಿಗೆ ಮನೆಯಲ್ಲಿ ರೊಟ್ಟಿ ಮಾಡು. ಹೆಚ್ಚು ಕಷ್ಟ ಇರುವುದು ಆ ಏಳು ದಿನ ಬೆಳಗ್ಗೆ ಏನು ಕೊಡುವುದು ಅನ್ನುವುದರಲ್ಲೇ.

ಡಾಕ್ಟರ್ ಹತ್ತಿರ ಓಟ್ಸ್ ಆಗುತ್ತದಾ ಅಂತ ಮೊದಲು ಕೇಳಿ. ಸೀಲಿಯಾಕ್ ಇರುವ ಕೆಲವರಿಗೆ ಶುದ್ಧ ಓಟ್ಸ್ ಕೂಡ ಆಗುವುದಿಲ್ಲ. ಹಾಗಿದ್ದರೆ ಮನೆಯವರು ರಬ್ಬಿಯನ್ನು ಕೇಳಲಿ. ಎಷ್ಟು ತಿಂದರೆ ಸಾಕು ಅಂತಲೂ ಅವರೇ ಹೇಳುತ್ತಾರೆ.

ರಮತ್ ಗನ್‌ನಿಂದ

ನಾನಿರುವುದು ಇರಾಕಿನಿಂದ ಬಂದ ಕುಟುಂಬದಲ್ಲಿ. ಇಲ್ಲಿ ಪೆಸಾಖ್‌ನಲ್ಲೂ ಅನ್ನ ಇದೆ. ಯುರೋಪಿನಿಂದ ಬಂದ ಅಶ್ಕೆನಾಜಿ ಮನೆಗಳಲ್ಲಿ ಅಕ್ಕಿ, ಬೇಳೆ, ಮೆಕ್ಕೆಜೋಳ ಎಲ್ಲ ಬಿಡುತ್ತಾರೆ. ಅವಕ್ಕೆ ಕಿತ್ನಿಯೋತ್ ಅನ್ನುತ್ತಾರೆ. ನಿಮ್ಮ ಮನೆ ಯಾವುದು ಅಂತ ಮೊದಲು ಕೇಳಿ. ಅಶ್ಕೆನಾಜಿ ಅಲ್ಲ ಅಂದ ಮಾತ್ರಕ್ಕೆ ಅಕ್ಕಿ ತಿನ್ನುತ್ತಾರೆ ಅಂದುಕೊಳ್ಳಬೇಡಿ. ಮೊರಾಕ್ಕೊದಿಂದ ಬಂದ ಎಷ್ಟೋ ಮನೆಗಳಲ್ಲಿ ಹಬ್ಬದಲ್ಲಿ ಅಕ್ಕಿ ಮುಟ್ಟುವುದಿಲ್ಲ. ಸೂಪರ್‌ಮಾರ್ಕೆಟ್ಟಿನ ಪೊಟ್ಟಣಗಳ ಮೇಲೆ "ಕಿತ್ನಿಯೋತ್ ತಿನ್ನುವವರಿಗೆ ಮಾತ್ರ" ಅಂತ ಬರೆದಿರುತ್ತದೆ. ಹೀಬ್ರೂ ಓದಲು ಬರದಿದ್ದರೆ ಫೋಟೋ ತೆಗೆದು ಮನೆಯವರಿಗೆ ಕಳಿಸಿ.

ತಿನ್ನುವ ಮನೆಯಾದರೆ ನಿಮ್ಮ ಅಕ್ಕಿ ರೊಟ್ಟಿಯೇ ಚಿನ್ನ. ನಮ್ಮಲ್ಲಿ ಅಕ್ಕಿಯನ್ನು ಮೂರು ಸಲ ಆರಿಸುತ್ತೇವೆ, ಒಂದು ಕಾಳು ಗೋಧಿಯೂ ಇರಬಾರದು ಅಂತ. ಬಿಳಿ ಬಟ್ಟೆ ಹಾಸಿ ನಾನು ಮತ್ತು ನಾನು ನೋಡಿಕೊಳ್ಳುವ ಅಮ್ಮ ಎದುರುಬದುರು ಕೂರುತ್ತೇವೆ. ಊರಿನಲ್ಲಿ ಅಜ್ಜಿ ಜೊತೆ ಮೊರದಲ್ಲಿ ಅಕ್ಕಿ ಆರಿಸಿದ್ದು ನೆನಪಾಗುತ್ತದೆ. ಅವರು ನಿಯಮಕ್ಕೆ ಮಾಡುವ ಈ ಕೆಲಸ ಸೀಲಿಯಾಕ್ ಇರುವವರಿಗೂ ಒಳ್ಳೆಯದೇ.

ಹಿಟ್ಟು ಮನೆಯಲ್ಲೇ ಪುಡಿ ಮಾಡಿಕೊಂಡು, ಕುದಿಯುವ ನೀರಿಗೆ ಉಪ್ಪು ಮತ್ತು ಹಿಟ್ಟು ಹಾಕಿ ಉಕ್ಕರಿಸಿ ಐದು ನಿಮಿಷ ಮುಚ್ಚಿಡಿ. ಒಂದು ಲೋಟ ಹಿಟ್ಟಿಗೆ ಒಂದೂಕಾಲು ಲೋಟ ನೀರು. ಬಿಸಿ ಇರುವಾಗಲೇ ನಾದಿ. ಅಕ್ಕಿಗೆ 18 ನಿಮಿಷದ ಲೆಕ್ಕ ಇಲ್ಲ. ಬಿಸಿನೀರಿನಲ್ಲಿ ಪಿಷ್ಟ ಬೆಂದು ಜಿಗುಟು ಬರುತ್ತದೆ, ಗ್ಲೂಟನ್ ಮಾಡುವ ಕೆಲಸವನ್ನು ಅದೇ ಮಾಡುತ್ತದೆ. ಕಾವಲಿಯಲ್ಲಿ ಎರಡೂ ಕಡೆ ಬೇಯಿಸಿದ ಮೇಲೆ ಓವನ್‌ನಲ್ಲಿ 200 ಡಿಗ್ರಿಗೆ ಹತ್ತು ನಿಮಿಷ ಇಡಿ. ಮತ್ಸಾ ಹಾಗೇ ಪಟ್ ಅಂತ ಮುರಿಯುತ್ತದೆ. ಅಮ್ಮನಿಗೆ ಅದರ ಮೇಲೆ ಹಾಲೆಕ್, ಅಂದರೆ ಖರ್ಜೂರದ ಪಾಕ, ಹಚ್ಚಿಕೊಟ್ಟರೆ ಬೇರೇನೂ ಬೇಡ.

ಅಶ್ದೋದ್‌ನಿಂದ

ಒಂದೇ ವಿಷಯ ಹೇಳುತ್ತೇನೆ, ದಯವಿಟ್ಟು ನೆನಪಿಡಿ. ಕುಸ್ಮಿನ್ ಬೇರೆ, ಕುಸೆಮೆತ್ ಬೇರೆ. ಕುಸೆಮೆತ್ ಅಂದರೆ ಬಕ್‌ವೀಟ್, ನಮ್ಮ ಕಡೆ ಉತ್ತರದವರು ಕುಟ್ಟು ಅನ್ನುತ್ತಾರೆ. ಅದರಲ್ಲಿ ಗ್ಲೂಟನ್ ಇಲ್ಲ. ಕುಸ್ಮಿನ್ ಅಂದರೆ ಸ್ಪೆಲ್ಟ್, ಗೋಧಿಯ ಜಾತಿಯೇ. ಪೆಸಾಖ್ ಹತ್ತಿರ ಬಂದಾಗ ಕುಸ್ಮಿನ್ ಮತ್ಸಾ ಆರೋಗ್ಯಕ್ಕೆ ಒಳ್ಳೆಯದು ಅಂತ ಎಲ್ಲ ಕಡೆ ಇಟ್ಟಿರುತ್ತಾರೆ. ನಾನು ಎರಡನೇ ವರ್ಷ ಅಂಗಡಿಯಲ್ಲಿ ಕೇಳಿದೆ. ಅಲ್ಲಿದ್ದವರು ಇದರಲ್ಲಿ ಗೋಧಿ ಇಲ್ಲ ಅಂದರು. ನಂಬಿ ತಂದೆ. ನಾನು ನೋಡಿಕೊಳ್ಳುವ ಸಬ್ಬಾಗೆ, ಅಂದರೆ ಅಜ್ಜನಿಗೆ, ಎರಡು ದಿನ ಹೊಟ್ಟೆನೋವು, ಭೇದಿ. ಹಬ್ಬದ ಊಟಕ್ಕೆ ಏಳಲಾಗಲಿಲ್ಲ. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ, ನಾನೇ ಅತ್ತೆ. ಪೊಟ್ಟಣದ ಮೇಲೆ "ಲೆಲೊ ಗ್ಲೂಟನ್" (ಗ್ಲೂಟನ್ ಇಲ್ಲ) ಅಂತ ಬರೆದಿದ್ದರೆ ಮಾತ್ರ ತೆಗೆದುಕೊಳ್ಳಿ. ಬಾಯಿಮಾತು ನಂಬಬೇಡಿ.

ಜೆರುಸಲೇಮಿನಿಂದ

ನಾನು ಬೆಳ್ತಂಗಡಿಯವಳು, ನಮ್ಮದು ಸಿರಿಯನ್ ಕ್ರೈಸ್ತ ಮನೆ. ನಮ್ಮಲ್ಲಿ ಪವಿತ್ರ ಗುರುವಾರ ಪೆಸಹಾ ಅಪ್ಪ ಮಾಡುತ್ತಾರೆ. ಅಕ್ಕಿ, ಉದ್ದು, ತೆಂಗಿನಕಾಯಿ ರುಬ್ಬಿ, ಹುಳಿ ಬರಿಸದೆ ಹಬೆಯಲ್ಲಿ ಬೇಯಿಸುವುದು. ಮನೆಯ ಹಿರಿಯರು ಮುರಿದು ಹಂಚುತ್ತಾರೆ. ಪೆಸಹಾ ಅಂದರೆ ಪೆಸಾಖ್ ಅಂತ ನನಗೆ ಹೊಳೆದದ್ದು ಇಲ್ಲಿ ಬಂದ ಮೇಲೆ. ಇಲ್ಲಿಯ ಸವ್ತಾಗೆ ಹೇಳಿದೆ. ಅವರಿಗೆ ಎಷ್ಟು ಖುಷಿಯಾಯಿತು ಅಂದರೆ ಮೊಮ್ಮಕ್ಕಳಿಗೆಲ್ಲ ಫೋನ್ ಮಾಡಿ ಹೇಳಿದರು. ಆದರೆ ಅದರಲ್ಲಿ ಅಕ್ಕಿ, ಉದ್ದು ಎರಡೂ ಇವೆ. ಅವರದು ಅಶ್ಕೆನಾಜಿ ಮನೆ, ಹಬ್ಬದಲ್ಲಿ ತಿನ್ನುವ ಹಾಗಿಲ್ಲ. ಹಬ್ಬ ಮುಗಿದ ಮೇಲೆ ಮಾಡಿಕೊಟ್ಟೆ.

ಅಶ್ಕೆನಾಜಿ ಮನೆಗೆ ನಾನು ಮಾಡುವುದು ಬಾದಾಮಿ ರೊಟ್ಟಿ. 100 ಗ್ರಾಂ ಬಾದಾಮಿ ಹಿಟ್ಟು, 60 ಗ್ರಾಂ ಮರಗೆಣಸಿನ ಹಿಟ್ಟು, ಅಂದರೆ ಟಾಪಿಯೋಕಾ. ಎರಡು ಚಮಚ ಎಣ್ಣೆ, ಉಪ್ಪು, ಮೂರು ಚಮಚ ಬಿಸಿನೀರು. ಇದನ್ನೂ ಪೇಪರ್ ನಡುವೆ ಲಟ್ಟಿಸಿ, ಚುಚ್ಚಿ, 190 ಡಿಗ್ರಿಯಲ್ಲಿ ಹನ್ನೆರಡು ನಿಮಿಷ. ಬಾದಾಮಿ ಬೇಗ ಕಪ್ಪಾಗುತ್ತದೆ, ಹತ್ತು ನಿಮಿಷ ಆದ ಮೇಲೆ ಪಕ್ಕದಲ್ಲೇ ನಿಂತಿರಿ. ಎಲ್ಲ ಪೊಟ್ಟಣದ ಮೇಲೂ ಪೆಸಾಖ್ ಗುರುತು ಇರಲಿ. ಇದಕ್ಕೆ ಹಮೋತ್ಸಿ ಇಲ್ಲ, ಆದರೆ ಬೆಳಗ್ಗೆ ಚೀಸ್ ಜೊತೆ ತಿನ್ನಲು ತುಂಬ ಚೆನ್ನಾಗಿರುತ್ತದೆ.

ಕೇಳಿದವಳು, ಎರಡು ದಿನ ಬಿಟ್ಟು

ಎಲ್ಲರಿಗೂ ತುಂಬ ಥ್ಯಾಂಕ್ಸ್. ಸವ್ತಾನ ಮಗನ ಹತ್ತಿರ ಮಾತಾಡಿದೆ. ಅವರದು ಪೋಲೆಂಡಿನಿಂದ ಬಂದ ಕುಟುಂಬ, ಅಕ್ಕಿ ತಿನ್ನುವುದಿಲ್ಲ. ಡಾಕ್ಟರ್ ಓಟ್ಸ್ ಆಗಬಹುದು, ಸ್ವಲ್ಪದಿಂದ ಶುರು ಮಾಡಿ ಅಂದಿದ್ದಾರೆ. ಸೇಡರ್‌ಗೆ ಓಟ್ಸ್ ಮತ್ಸಾ ತರಿಸುತ್ತಾರಂತೆ. ಬಾದಾಮಿ ರೊಟ್ಟಿ ನಿನ್ನೆ ಒಂದು ಸಲ ಮಾಡಿ ನೋಡಿದೆ. ಒಂದು ಕಡೆ ಕರಕಾಯಿತು, ಆದರೂ ಸವ್ತಾ ಎರಡು ತಿಂದರು. ಸೇಡರ್‌ಗೆ ಹದಿನಾಲ್ಕು ಜನ ಬರುತ್ತಾರೆ. ಉಳಿದವರದು ಗೋಧಿ ಮತ್ಸಾನೇ. ಅದೊಂದು ಹೆದರಿಕೆ ಇದೆ.

ಹೈಫಾದಿಂದ

ಹೆದರಿಕೆ ಇರಬೇಕಾದದ್ದೇ ತಂಗಿ. ಗೋಧಿ ಮತ್ಸಾ ಮುರಿದರೆ ಮೇಜಿನ ತುಂಬ ಪುಡಿ. ಸವ್ತಾನ ಮತ್ಸಾ ಬೇರೆ ಬಟ್ಟೆಯಲ್ಲಿ ಸುತ್ತಿ ಬೇರೆ ತಟ್ಟೆಯಲ್ಲಿಡು. ಅವರನ್ನು ಮೇಜಿನ ತುದಿಗೆ ಕೂರಿಸು. ಹರೋಸೆತ್ (ಹಣ್ಣು, ಬೀಜ ಕಲಸಿದ ಸಿಹಿ ಗೊಜ್ಜು) ಬಟ್ಟಲಿಗೆ ಎಲ್ಲರೂ ಮತ್ಸಾ ಅದ್ದುವ ಮೊದಲೇ ಅವರ ಪಾಲು ತೆಗೆದಿಡು. ಸೂಪಿನಲ್ಲಿ ಹಾಕುವ ಕ್ನೈಡ್ಲಾಖ್ ಉಂಡೆ ಮತ್ಸಾ ಪುಡಿಯದ್ದು. ಅವರ ಸೂಪನ್ನು ಬೇರೆ ಪಾತ್ರೆಯಲ್ಲೇ ಕುದಿಸು, ಆಲೂಗಡ್ಡೆ ಪಿಷ್ಟದ ಉಂಡೆ ಹಾಕು. ಮರದ ಲಟ್ಟಣಿಗೆಯಲ್ಲಿ ಹಳೆ ಹಿಟ್ಟು ಕೂತಿರುತ್ತದೆ, ಅದು ಬೇಡ. ಹೊಸದು ಸಿಗದಿದ್ದರೆ ಗಾಜಿನ ಬಾಟಲಿ ತೊಳೆದು ಅದರಲ್ಲೇ ಲಟ್ಟಿಸು. ಆದರೆ ಯಾವ ಪಾತ್ರೆ ಹಬ್ಬದ್ದು ಅಂತ ಮಗನನ್ನು ಕೇಳಿಯೇ ತೆಗೆ.

ಬಾದಾಮಿ ರೊಟ್ಟಿ ಕರಕಾದ ಕಡೆ ನಿನ್ನ ಓವನ್‌ನಲ್ಲಿ ಶಾಖ ಜಾಸ್ತಿ. ಆರು ನಿಮಿಷಕ್ಕೆ ಟ್ರೇ ತಿರುಗಿಸು. ಇನ್ನೂ ಸುಮಾರು ಮೂರು ವಾರ ಇದೆ, ಮತ್ತೆ ಮಾಡಿ ನೋಡಿ ಹೇಳು.